ಹದಿನಾಲ್ಕನೆಯ ಸಾಲಿನ ನಡುವಿನ ಸೀಟು

ಕುಂಬಳೆಯಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಸಾಧಾರಣ ಒಂದೂವರೆ ಗಂಟೆಯ ದಾರಿ. ತಲಪಾಡಿ ಕಳೆದು, ನೇತ್ರಾವತಿ ಸೇತುವೆ ದಾಟಿ, ಮಂಗಳೂರು ಪೇಟೆಯ ಗಡಿಬಿಡಿಯನ್ನು ಹೇಗೋ ನುಸುಳಿಕೊಂಡು ಕೆಂಜಾರಿನ ಗುಡ್ಡ ಹತ್ತಬೇಕು. 2023ರ ಮೇ ತಿಂಗಳ ಒಂದು ಬೆಳಿಗ್ಗೆ ನಾವು ಗಂಡ ಹೆಂಡತಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಹೀಗೆ ನಾಲ್ವರು ಆ ದಾರಿ ಹಿಡಿದೆವು. ಮುಂಬೈಯಲ್ಲಿ ತಂಗಿಯ ಮಗುವಿನ ಜ್ಞಾನಸ್ನಾನವಿತ್ತು. ಅಲ್ಲಿಯವರೆಗೆ ಮುಂಬೈಗೆ ಹೋದದ್ದೆಲ್ಲ ರೈಲಿನಲ್ಲೇ. ಆ ಸಲ ರಜೆ ಕಡಿಮೆ ಇದ್ದುದರಿಂದಲೂ, ಮಕ್ಕಳು ಒಮ್ಮೆ ವಿಮಾನ ನೋಡಲಿ ಎಂಬ ಆಸೆಯಿಂದಲೂ ಸ್ವಲ್ಪ ದುಡ್ಡು ಕೂಡಿಸಿ ವಿಮಾನದ ಟಿಕೆಟು ತೆಗೆದಿದ್ದೆವು.

ಕೌಂಟರಿನಲ್ಲಿ ಬೋರ್ಡಿಂಗ್ ಪಾಸು ಕೈಗೆ ಬಂದಾಗ ಮೊದಲು ಏನೂ ಅರ್ಥವಾಗಲಿಲ್ಲ. ನಮ್ಮಲ್ಲೊಬ್ಬರಿಗೆ 6ಬಿ, ಇನ್ನೊಬ್ಬರಿಗೆ 23ಬಿ. ಮಗಳಿಗೆ 14ಇ. ಮಗನಿಗೆ 19ಬಿ. ನಾಲ್ವರೂ ಒಂದೇ ಟಿಕೆಟಿನಲ್ಲಿದ್ದೆವು, ಒಟ್ಟಿಗೇ ದುಡ್ಡು ಕೊಟ್ಟಿದ್ದೆವು. "ಇದೆಂತ ಹೀಗೆ? ಮಗುವಿಗೆ ನಾಲ್ಕೇ ವರ್ಷ" ಎಂದು ಕೇಳಿದೆವು. "ಸೀಟು ಮೊದಲೇ ಆರಿಸಿಕೊಳ್ಳಬೇಕಿತ್ತು. ಈಗ ವಿಮಾನ ತುಂಬಿದೆ. ಒಳಗೆ ಹೋಗಿ ಯಾರನ್ನಾದರೂ ಕೇಳಿ ನೋಡಿ" ಎಂಬ ಉತ್ತರ ಬಂತು. ಹಿಂದೆ ಸಾಲು ಬೆಳೆಯುತ್ತಿತ್ತು. ನಾವು ಸರಿದೆವು.

ಹಿಂದಿನ ದಿನ ಮೊಬೈಲಿನಲ್ಲಿ ಸೀಟಿನ ನಕ್ಷೆ ನೋಡಿದ್ದು ನಿಜ. ಒಂದೊಂದು ಸೀಟಿನ ಮೇಲೂ ಬೆಲೆ ಬರೆದಿತ್ತು. ಕಿಟಕಿಗೆ ಒಂದು ದರ, ದಾರಿಯ ಪಕ್ಕದ್ದಕ್ಕೆ ಒಂದು ದರ. ನಾಲ್ವರಿಗೆ ಲೆಕ್ಕ ಹಾಕಿದರೆ ಸಾವಿರದ ಮೇಲೆ ಹೋಗುತ್ತಿತ್ತು. ಟಿಕೆಟಿಗೆ ಕೊಟ್ಟ ಮೇಲೆ ಕೂರುವುದಕ್ಕೂ ಕೊಡಬೇಕೇ ಎಂದು ಮೊಬೈಲು ಮುಚ್ಚಿಟ್ಟಿದ್ದೆವು. ಮಕ್ಕಳಿದ್ದಾರೆ, ಹೇಗೂ ಜೊತೆಗೆ ಕೂರಿಸುತ್ತಾರೆ ಎಂಬ ಧೈರ್ಯ. ಆ ಧೈರ್ಯ ನಮಗೆ ಎಲ್ಲಿಂದ ಬಂತೆಂದರೆ, ಬಸ್ಸಿನಿಂದ.

ಕಾಸರಗೋಡು ಮಂಗಳೂರು ಬಸ್ಸಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಸೀಟು ಸಿಗದಿದ್ದರೂ ಮಗುವಿಗೆ ಒಂದು ಮಡಿಲು ಸಿಗುತ್ತದೆ. ಕುಳಿತವರು ಮಲಯಾಳದವರೋ, ತುಳುವರೋ, ಬ್ಯಾರಿಗಳೋ, "ಮಗುವನ್ನು ಇತ್ತ ಕೊಡಿ ಅಕ್ಕ" ಎಂಬ ಮಾತು ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ. ರೈಲಿನಲ್ಲೂ ಹಾಗೆಯೇ. ಮತ್ಸ್ಯಗಂಧದಲ್ಲಿ ಬರ್ತು ಬೇರೆ ಬೇರೆ ಬೋಗಿಯಲ್ಲಿ ಸಿಕ್ಕಿದರೂ ಉಡುಪಿ ತಲಪುವಷ್ಟರಲ್ಲಿ ಯಾರಾದರೂ ಅದಲು ಬದಲು ಮಾಡಿಕೊಟ್ಟಿರುತ್ತಾರೆ. ವಿಮಾನದಲ್ಲಿ ಹಾಗೆ ಮಾಡಲು ಹೊತ್ತೂ ಇಲ್ಲ, ಜಾಗವೂ ಇಲ್ಲ.

ಒಳಗೆ 19ಬಿಯ ಪಕ್ಕ, ದಾರಿಯ ಬದಿಯ ಸೀಟಿನಲ್ಲಿ ಒಬ್ಬರು ಹಿರಿಯರು ಕುಳಿತಿದ್ದರು. ಸೀಟು ಬದಲಿಸಿಕೊಳ್ಳುತ್ತೀರಾ ಎಂದು ಕೇಳಿದೆವು. ಕಾಲು ನೋವೆಂದು ಹೆಚ್ಚಿಗೆ ಹಣ ಕೊಟ್ಟು ಆ ಸೀಟು ತೆಗೆದುಕೊಂಡಿರುವುದಾಗಿ ಹೇಳಿದರು. ಅವರದ್ದು ತಪ್ಪೆಂದು ನಾವು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ದುಡ್ಡು ಕೊಟ್ಟು ಕೊಂಡದ್ದನ್ನು ಬಿಟ್ಟು 23ನೆಯ ಸಾಲಿನ ನಡುವೆ ಹೋಗಿ ಕೂರಿ ಎನ್ನಲು ನಾವು ಯಾರು? ಅಷ್ಟರಲ್ಲಿ ಮಗ ಅಳಲು ತೊಡಗಿದ. ಹಿಂದಿನವರು ಚೀಲ ಹಿಡಿದು ಕಾಯುತ್ತಿದ್ದರು. ಗಗನಸಖಿ ಬಂದು ಎಲ್ಲರೂ ಕುಳಿತುಕೊಳ್ಳಬೇಕೆಂದರು. ಕೊನೆಗೆ 23ಎಯಲ್ಲಿದ್ದ ಕಾಲೇಜು ಹುಡುಗನೊಬ್ಬ ತಾನಾಗಿ ಎದ್ದು, "ಆಂಟಿ, ನಾನು ಅಲ್ಲಿ ಹೋಗುತ್ತೇನೆ" ಎಂದ. ಕಿಟಕಿಯ ಸೀಟನ್ನು ಬಿಟ್ಟುಕೊಟ್ಟ ಆ ಹುಡುಗನಿಗೆ ಸರಿಯಾಗಿ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ.

ಮಗನ ವಿಷಯ ಮುಗಿಯಿತು. ಮಗಳು 14ಇಯಲ್ಲೇ ಉಳಿದಳು. ಎಂಟು ವರ್ಷ, ಜಾಣೆ, ಅಳುವವಳಲ್ಲ. ಆರನೆಯ ಸಾಲಿನಿಂದ ತಿರುಗಿ ನೋಡಿದರೆ ಸೀಟುಗಳ ಬೆನ್ನಿನ ಎಡೆಯಲ್ಲಿ ಅವಳ ತಲೆಯ ರಿಬ್ಬನ್ ಮಾತ್ರ ಕಾಣುತ್ತಿತ್ತು. ಎಡಗಡೆಯ ಕಿಟಕಿಗಳಲ್ಲಿ ಅರಬ್ಬೀ ಸಮುದ್ರ, ಬಲಗಡೆ ದೂರದಲ್ಲಿ ಘಟ್ಟ. ಇಬ್ಬರು ಅಪರಿಚಿತರ ನಡುವೆ ಕುಳಿತ ಅವಳು ಅದೊಂದನ್ನೂ ನೋಡಲಿಲ್ಲವಂತೆ. ಮುಂಬೈಯಲ್ಲಿ ಇಳಿದ ಕೂಡಲೇ ಅಮ್ಮನ ಕೈ ಹಿಡಿದು ಶೌಚಾಲಯಕ್ಕೆ ಓಡಿದಳು. ವಿಮಾನ ಏರಿದಾಗಿನಿಂದ ಹೋಗಬೇಕೆಂದಿತ್ತಂತೆ. "ಮತ್ತೆ ಯಾಕೆ ಹೇಳಲಿಲ್ಲ ಮಗಾ?" ಎಂದರೆ, "ಬೆಲ್ಟ್ ಬಿಡಿಸಲಿಕ್ಕೆ ಗೊತ್ತಾಗಲಿಲ್ಲ ಮಮ್ಮಿ. ಆ ಅಂಕಲ್ ಮಲಗಿದ್ದರು."

ಒಂದೂವರೆ ಗಂಟೆ ಅವಳು ಹಾಗೆ ಕುಳಿತಿದ್ದಳು. ಸಮಾರಂಭದ ಗದ್ದಲದಲ್ಲಿ ನಾವು ಅದನ್ನು ಮರೆಯಲು ನೋಡಿದೆವು, ಆಗಲಿಲ್ಲ. ಕಾರಿನ ಬೆಲ್ಟಿಗೆ ಗುಂಡಿ ಒತ್ತಬೇಕು, ವಿಮಾನದ ಬೆಲ್ಟಿಗೆ ಮೇಲಿನ ತಗಡನ್ನು ಎತ್ತಬೇಕು. ಗಗನಸಖಿ ಅದನ್ನು ಕೈಯಲ್ಲಿ ಹಿಡಿದು ತೋರಿಸುವ ಹೊತ್ತಿಗೆ ಮಗಳು ಬಹುಶಃ ನಮ್ಮನ್ನು ಹುಡುಕುತ್ತಿದ್ದಳು. ಶೌಚಾಲಯದ ಮಾತು ಹಾಗಿರಲಿ, ಒಂದು ವೇಳೆ ಬೇಗ ಇಳಿಯಬೇಕಾಗಿ ಬಂದಿದ್ದರೆ?

ಮಕ್ಕಳು ಹತ್ತಿರ ಕೂರಬೇಕು ಎನ್ನುವುದು ಬರೀ ಮುದ್ದಿನ ಮಾತಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆವು. ಹೊಸ ಮಾದರಿಯ ದೊಡ್ಡ ಪ್ರಯಾಣಿಕ ವಿಮಾನವೊಂದಕ್ಕೆ ಒಪ್ಪಿಗೆ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ಎಲ್ಲರೂ 90 ಸೆಕೆಂಡುಗಳೊಳಗೆ ಹೊರಗೆ ಬರಬಹುದೆಂದು ತೋರಿಸಬೇಕಾಗುತ್ತದೆ. ಎಲ್ಲರೂ ಬಾಗಿಲಿನ ಕಡೆಗೆ ಹೋದರೆ ಮಾತ್ರ ಆ ಲೆಕ್ಕ ಸರಿ. ಆರನೆಯ ಸಾಲಿನ ತಾಯಿ ಹದಿನಾಲ್ಕನೆಯ ಸಾಲಿನ ಮಗಳನ್ನು ಬಿಟ್ಟು ಮುಂದಿನ ಬಾಗಿಲಿಗೆ ಓಡುತ್ತಾಳೆಯೇ? ಜನರ ಎದುರಿಗೆ ನುಗ್ಗಿ ಹಿಂದೆ ಹೋಗುತ್ತಾಳೆ. ಅಲ್ಲಿ ಅವಳೊಬ್ಬಳಿಗಲ್ಲ, ಎಲ್ಲರಿಗೂ ಅಪಾಯ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಇದೇ ಕಾರಣದಿಂದ, ಸಣ್ಣ ಮಕ್ಕಳು ಜೊತೆಗಿರುವ ದೊಡ್ಡವರ ಸಾಲಿನಲ್ಲೇ ಇರಬೇಕು, ಆಗದಿದ್ದರೆ ಒಂದು ಸಾಲಿಗಿಂತ ಹೆಚ್ಚು ದೂರ ಇರಬಾರದು ಎಂದು ಸೂಚಿಸಿದೆ. ಆಮ್ಲಜನಕದ ಮುಖವಾಡದ್ದೂ ಇದೇ ಕತೆ. ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ ಹಾಕಿ ಎನ್ನುತ್ತಾರಲ್ಲ? ಆ ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡ ತಪ್ಪಿದರೆ ದೊಡ್ಡವರಿಗೂ ಎಚ್ಚರ ಇರುವುದು ಒಂದು ನಿಮಿಷವೋ ಅದಕ್ಕಿಂತ ಕಡಿಮೆಯೋ. "ಆಮೇಲೆ ಮಗುವಿಗೆ" ಎನ್ನಬೇಕಾದರೆ ಮಗು ಕೈಗೆಟಕುವಷ್ಟು ಹತ್ತಿರ ಇರಬೇಡವೇ?

ಎರಡು ವರ್ಷದೊಳಗಿನ ಕೂಸುಗಳ ವಿಷಯ ಬೇರೆ. ಅವು ಮಡಿಲಲ್ಲೇ ಪ್ರಯಾಣ ಮಾಡುತ್ತವೆ, ತಾಯಿಯ ಬೆಲ್ಟಿಗೆ ಸಿಕ್ಕಿಸುವ ಸಣ್ಣ ಬೆಲ್ಟನ್ನು ಕೇಳಿ ಪಡೆಯಬೇಕು. ಎರಡು ಕೂಸುಗಳಿರುವ ಮನೆಯವರನ್ನು ಒಂದೇ ಬದಿಯ ಮೂರು ಸೀಟಿನಲ್ಲಿ ಕೂರಲು ಬಿಡದಿದ್ದರೆ ಸಿಟ್ಟಾಗಬೇಡಿ. ಮೂರು ಸೀಟುಗಳ ಮೇಲೆ ಸಾಮಾನ್ಯವಾಗಿ ನಾಲ್ಕೇ ಮುಖವಾಡಗಳಿರುತ್ತವೆ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಜಾಗ ಹೆಚ್ಚೆಂದು ಅತ್ತ ಕಣ್ಣು ಹಾಕುವುದೂ ಬೇಡ, ಮಕ್ಕಳಿರುವವರಿಗೆ ಅದನ್ನು ಕೊಡುವುದಿಲ್ಲ.

ವಿಮಾನದವರು ಬೇಕೆಂದೇ ಮಕ್ಕಳನ್ನು ದೂರ ಕೂರಿಸುತ್ತಾರೆ ಎಂದು ನಾವು ಹೇಳುವುದಿಲ್ಲ. ಟಿಕೆಟಿನ ಮೂಲ ದರ ಕಡಿಮೆ ಇಟ್ಟು, ಲಗೇಜು, ಊಟ, ಸೀಟಿನ ಆಯ್ಕೆ ಇವಕ್ಕೆಲ್ಲ ಬೇರೆ ಬೇರೆ ದುಡ್ಡು ಪಡೆಯಲು ಸರಕಾರವೇ ಅವರಿಗೆ ಅನುಮತಿ ಕೊಟ್ಟಿದೆ. ಕಿಟಕಿಯದ್ದೂ ದಾರಿಯ ಬದಿಯದ್ದೂ ಮೊದಲೇ ಮಾರಾಟವಾಗುತ್ತವೆ. ದುಡ್ಡು ಕೊಡದವರಿಗೆ ಉಳಿದದ್ದನ್ನು ಕಂಪ್ಯೂಟರು ಹಂಚುತ್ತದೆ. ಉಳಿಯುವುದು ನಡುವಿನ ಸೀಟುಗಳು, ಅವೂ ಅಲ್ಲೊಂದು ಇಲ್ಲೊಂದು. ನಮ್ಮ ನಾಲ್ಕು ಪಾಸುಗಳಲ್ಲಿ ಎಲ್ಲವೂ ಬಿ ಮತ್ತು ಇ ಆದದ್ದು ಹೀಗೆ.

ನಮ್ಮಂತೆ ಪಾಡು ಪಟ್ಟವರು ಎಷ್ಟೋ ಮಂದಿ ಇದ್ದಿರಬೇಕು. 2024ರ ಏಪ್ರಿಲ್‌ನಲ್ಲಿ ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಎಲ್ಲ ವಿಮಾನ ಸಂಸ್ಥೆಗಳಿಗೂ ಒಂದು ಆದೇಶ ಕೊಟ್ಟಿತು. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಲೇಬೇಕು, ಕೊಟ್ಟದ್ದಕ್ಕೆ ದಾಖಲೆಯನ್ನೂ ಇಟ್ಟಿರಬೇಕು ಎಂದು. ಕೆನಡಾ ದೇಶ ಇದನ್ನು 2019ರಲ್ಲೇ ಇನ್ನೂ ಬಿಡಿಸಿ ಹೇಳಿತ್ತು. ಅಲ್ಲಿ ಐದು ವರ್ಷದೊಳಗಿನ ಮಗು ಪಕ್ಕದ ಸೀಟಿನಲ್ಲೇ ಇರಬೇಕು, 5ರಿಂದ 11ರವರೆಗಿನವರು ಅದೇ ಸಾಲಿನಲ್ಲಿ, ನಡುವೆ ಒಂದಕ್ಕಿಂತ ಹೆಚ್ಚು ಸೀಟು ಇರಕೂಡದು, 12, 13ರ ಮಕ್ಕಳು ಒಂದು ಸಾಲಿಗಿಂತ ಹೆಚ್ಚು ದೂರ ಇರಕೂಡದು. ಇದಕ್ಕೆ ಹೆಚ್ಚಿಗೆ ದುಡ್ಡು ಕೇಳುವಂತೆಯೂ ಇಲ್ಲ. ಮಕ್ಕಳು ಮೊಮ್ಮಕ್ಕಳು ಕೆನಡಾದಲ್ಲಿರುವ ಮನೆಗಳು ನಮ್ಮಲ್ಲೂ ಇರುವುದರಿಂದ ಇದನ್ನು ಬರೆದೆವು.

ನಮ್ಮ ದೇಶದ ಆದೇಶದಲ್ಲಿ ಎಲ್ಲ ಭಾರವೂ ನಿಂತಿರುವುದು ಒಂದು ಸಣ್ಣ ಮಾತಿನ ಮೇಲೆ. ಅದೇ ಪಿಎನ್‌ಆರ್. ರೈಲಿನ ಟಿಕೆಟಿನಲ್ಲಿ ಹತ್ತು ಅಂಕಿಗಳಲ್ಲಿ ಇರುವುದು ವಿಮಾನದಲ್ಲಿ ಆರು ಅಕ್ಷರ ಅಂಕಿಗಳಲ್ಲಿ ಇರುತ್ತದೆ. ಒಂದು ಸಲ ಮಾಡಿದ ಬುಕ್ಕಿಂಗಿಗೆ ಒಂದು ಗುರುತು. ನಮ್ಮ ಕಡೆಯ ಮನೆಗಳಲ್ಲಿ ಟಿಕೆಟು ಒಂದೇ ಕೈಯಿಂದ ಬರುವುದು ಕಡಿಮೆ. ತಾಯಿಯದ್ದನ್ನು ದುಬೈಯಲ್ಲಿರುವ ಗಂಡ ತೆಗೆಯುತ್ತಾನೆ, ಮಕ್ಕಳದ್ದನ್ನು ಅಜ್ಜ ಅಜ್ಜಿಯರದ್ದರ ಜೊತೆ ಮಾಮ ತೆಗೆಯುತ್ತಾನೆ. ಮನೆಯಲ್ಲಿ ಎಲ್ಲರೂ ಒಂದೇ. ಆ ಆರು ಅಕ್ಷರಗಳ ಲೆಕ್ಕದಲ್ಲಿ ಅವರು ಒಬ್ಬರಿಗೊಬ್ಬರು ಏನೂ ಅಲ್ಲ.

ಇದನ್ನು ನಾವು ಕಣ್ಣಾರೆ ಕಂಡೆವು. 2025ರ ಮೇಯಲ್ಲಿ ಮತ್ತೆ ಮುಂಬೈ ಪ್ರಯಾಣ. ಈ ಸಲ ಎಪ್ಪತ್ತನಾಲ್ಕು ವರ್ಷದ ಅಜ್ಜಿಯೂ ಜೊತೆಗೆ, ಅವರಿಗೆ ಮೊದಲ ವಿಮಾನ. ಕೌಂಟರಿನಲ್ಲಿ ನಮ್ಮ ಮುಂದೆ ಉಪ್ಪಳದ ಕಡೆಯ ಒಬ್ಬ ತಾಯಿ ಇದ್ದರು, ಐದು ವರ್ಷದ ಮಗನೊಂದಿಗೆ. ಹುಡುಗನ ಹೆಸರು ಅತ್ತೆಯ ಮನೆಯವರ ಟಿಕೆಟಿನಲ್ಲಿ, ತಾಯಿಯದ್ದು ಬೇರೆ. ಸೀಟುಗಳ ನಡುವೆ ಹನ್ನೊಂದು ಸಾಲು. ಆಕೆ ಪತ್ರಿಕೆಯಲ್ಲಿ ಓದಿದ ಆದೇಶದ ಮಾತೆತ್ತಿದರು. ಕೌಂಟರಿನ ಹುಡುಗಿ ಸೌಮ್ಯವಾಗಿಯೇ ಹೇಳಿದಳು, "ಮೇಡಂ, ಇದು ಎರಡು ಪಿಎನ್‌ಆರ್. ನೀವು ತಾಯಿ ಮಗ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ." ಹಾಗೆಂದು ಕೈಬಿಡಲಿಲ್ಲ. ಯಾರಿಗೋ ಫೋನು ಮಾಡಿ, ಏನೇನೋ ಒತ್ತಿ, ಹತ್ತು ನಿಮಿಷದಲ್ಲಿ ಇಬ್ಬರಿಗೂ ಒಂದೇ ಸಾಲು ಕೊಟ್ಟಳು. ಆ ತಾಯಿ ಬೇಗ ಬಂದಿದ್ದರು, ಅದು ಒಳ್ಳೆಯದಾಯಿತು. ಬಾಗಿಲು ಮುಚ್ಚುವ ಹೊತ್ತಿಗೆ ಬಂದು ಒಳಗೆ ಕೇಳಿದ್ದರೆ ನಮ್ಮ 2023ರ ಕತೆಯೇ ಆಗುತ್ತಿತ್ತು.

ಈ ಸಲ ನಾವೂ ಎರಡು ಟಿಕೆಟು ತೆಗೆದಿದ್ದೆವು, ಆದರೆ ಯೋಚಿಸಿ. ಐವರಿಗೂ ಒಟ್ಟಿಗೆ ಕೇಳಿದಾಗ ಕಂಪ್ಯೂಟರು ಹೆಚ್ಚಿನ ದರ ತೋರಿಸಿತು. ಕಡಿಮೆ ದರದ ಸೀಟು ಎರಡೋ ಮೂರೋ ಉಳಿದಿದ್ದರೆ ಐವರಿಗೂ ಮೇಲಿನ ದರವನ್ನೇ ಹಾಕುತ್ತದೆ ಎಂದು ಕುಂಬಳೆಯ ಟ್ರಾವೆಲ್ಸ್‌ನವರು ವಿವರಿಸಿದರು. "ಬೇರೆ ಬೇರೆ ಮಾಡುವ. ಆದರೆ ಮಕ್ಕಳ ಹೆಸರು ಯಾರ ಪಕ್ಕ ಕೂರಬೇಕೋ ಅವರ ಟಿಕೆಟಿನಲ್ಲೇ ಇರಲಿ ಮಾರಾಯ್ರೆ" ಎಂದರು. ಹಾಗೆ ಮಗನನ್ನು ನಮ್ಮ ಜೊತೆ, ಮಗಳನ್ನು ಅಜ್ಜಿಯ ಜೊತೆ ಹಾಕಿದೆವು. ಮಗಳಿಗೆ ಈಗ ಹತ್ತು, ಆದೇಶದ ವಯಸ್ಸಿನೊಳಗೇ. ಅಜ್ಜಿಯೊಬ್ಬರೇ ಆಗಿದ್ದರೆ ಅವರನ್ನು ಎಲ್ಲಿ ಕೂರಿಸಿದರೂ ಕೇಳುವಂತಿರಲಿಲ್ಲ, ವಯಸ್ಸಾದವರ ಬಗ್ಗೆ ಆ ಆದೇಶದಲ್ಲಿ ಒಂದು ಮಾತೂ ಇಲ್ಲ. ಮೊಮ್ಮಗಳ ಪೋಷಕರಾದದ್ದರಿಂದ ಅವರಿಗೂ ಜೊತೆ ಸಿಕ್ಕಿತು.

ಸೀಟಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಲಿಲ್ಲ. ನಮಗೆ 17ನೆಯ ಸಾಲು, ಮಗನೂ ನಾವಿಬ್ಬರಲ್ಲಿ ಒಬ್ಬರೂ ಅಕ್ಕಪಕ್ಕ, ಇನ್ನೊಬ್ಬರು ನಾಲ್ಕು ಸಾಲು ಹಿಂದೆ. ಅಜ್ಜಿ ಮೊಮ್ಮಗಳು 20ರಲ್ಲಿ, ಅದೂ ಎಡಗಡೆ, ಸಮುದ್ರದ ಬದಿ. ಕಿಟಕಿ ಯಾರಿಗೆ ಎಂದು ಅವರೊಳಗೆ ಏನು ಮಾತಾಯಿತೋ ತಿಳಿಯದು. ನೋಡುವಾಗ ಅಜ್ಜಿ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದರು.

ಹೊರಡುವ ಮೊದಲು ಹಿಂದಿನಿಂದ ಮಗಳ ಸ್ವರ ಕೇಳಿಸುತ್ತಿತ್ತು. "ಒತ್ತುವುದಲ್ಲ ಅಜ್ಜಿ, ಎತ್ತಬೇಕು. ಈ ತಗಡನ್ನು ಹೀಗೆ. ಇನ್ನೊಮ್ಮೆ ಮಾಡಿ." ಟಕ್ ಎಂಬ ಸದ್ದು. "ಇನ್ನೊಮ್ಮೆ." ಮತ್ತೆ ಟಕ್. ಅಜ್ಜಿಯ ಕೈಯ ಗಂಟುನೋವಿಗೆ ಆ ತಗಡು ಸುಲಭವಲ್ಲ, ಆದರೂ ನಾಲ್ಕನೆಯ ಸಲಕ್ಕೆ ಬಂತು.

ಬಂದದ್ದು ಸ್ವಲ್ಪ ಹೆಚ್ಚೇ ಆಯಿತೆನ್ನಬೇಕು. ಮುಂಬೈಯಲ್ಲಿ ಚಕ್ರ ನೆಲ ಮುಟ್ಟಿ ವಿಮಾನ ಇನ್ನೂ ಓಡುತ್ತಿರುವಾಗಲೇ ಅಜ್ಜಿ ಬೆಲ್ಟು ಬಿಚ್ಚಿ, ಕಾಲ ಬುಡದಲ್ಲಿದ್ದ ಹಲಸಿನ ಹಪ್ಪಳದ ಕಟ್ಟನ್ನು ಮಡಿಲಿಗೆ ಎತ್ತಿಕೊಂಡಾಗಿತ್ತು. "ಕೂತುಕೊಳ್ಳಿ ಅಜ್ಜಿ, ದೀಪ ಆರಲಿಲ್ಲ ಇನ್ನೂ" ಎಂದು ಮಗಳು ಗದರಿಸಿ ಮತ್ತೆ ಬೆಲ್ಟು ಸಿಕ್ಕಿಸಿದಳು.