ಮುತ್ಯಾನ ದನಿಗೆ ಎಂಥ ಸ್ಪೀಕರ್ ಬೇಕು?

ನಾರಾಯಣಪುರದ ನಮ್ಮ ಮನೆಯಲ್ಲಿ ಮುತ್ಯಾ ಏಕತಾರಿ ಹಿಡಿದು ಹಾಡಿದ 11 ತತ್ವಪದಗಳನ್ನು ನಾವು ಅಣ್ಣತಮ್ಮ ಇಬ್ಬರೂ ರೆಕಾರ್ಡ್ ಮಾಡಿದ್ದೆವು. ಹೋಂ ಥಿಯೇಟರಿನಲ್ಲಿ ಕೇಳುತ್ತಾ ಮಿಕ್ಸ್ ಮಾಡಿ ವಾಟ್ಸಾಪಿಗೆ ಹಾಕಿದೆವು. ಬಸವಕಲ್ಯಾಣದಿಂದ ಅತ್ತಿ ಫೋನ್ ಮಾಡಿ, "ಅಪ್ಪ ಡಬ್ಬಿಯೊಳಗ ಕುಂತು ಹಾಡಿದಂಗದಲ್ಲೋ" ಅಂದಳು.

ತಪ್ಪು ನಮ್ಮದೇ. ಹೋಂ ಥಿಯೇಟರ್ ತಾನೇ ಬೇಸ್ ಕೂಡಿಸಿ ಕೇಳಿಸುತ್ತದೆ. ಜಾಸ್ತಿಯಾಯಿತೆಂದು ನಾವು ಕಡಿಮೆ ಮಾಡಿದ್ದೆವು. ಅದರ ಜೊತೆ ಏಕತಾರಿಯ ಗುಂಯ್‌ಗುಡುವಿಕೆಯೂ ಹೋಗಿತ್ತು. ಮುತ್ಯಾ ಈಗ ಹಾಡುವುದಿಲ್ಲ, ಉಸಿರು ಸಾಲದು. ಮತ್ತೆ ರೆಕಾರ್ಡ್ ಮಾಡುವ ಮಾತಿಲ್ಲ.

ಇದ್ದದ್ದನ್ನು ಆದಷ್ಟು ಇದ್ದಂತೆಯೇ ಕೇಳಿಸುವುದು ಸ್ಟುಡಿಯೋ ಮಾನಿಟರ್. ಆಂಪ್ಲಿಫೈಯರ್ ಒಳಗೇ ಇರುತ್ತದೆ. ಹೈದರಾಬಾದಿನ ಅಂಗಡಿಯವರು 8 ಇಂಚಿನದು ತಗೊಳ್ಳಿ ಅಂದರು. ನಮ್ಮದು 10x12ರ ಕೋಣೆ, ಮೂಲೆಗಳಲ್ಲಿ ಬೇಸ್ ಮೊದಲೇ ಗುಡ್ಡೆ ಬೀಳುತ್ತದೆ. 5 ಇಂಚಿನ ಯಮಾಹಾ ಎಚ್‌ಎಸ್5 ಜೋಡಿ ತಂದೆವು. ಬಿಳಿ ಕೋನಿನ ಈ ಜಾತಿಯ ಹಿರಿಯಣ್ಣ, 1978ರ ಎನ್‌ಎಸ್‌-10, ಮನೆಯಲ್ಲಿ ಹಾಡು ಕೇಳಲೆಂದು ಬಂದು ಸ್ಟುಡಿಯೋಗಳಲ್ಲಿ ಸೇರಿಕೊಂಡಿತಂತೆ!

ಸ್ಪೀಕರಿಗಿಂತ ಕೋಣೆಯೇ ಹೆಚ್ಚು ಕಾಡಿತು. ಚಪ್ಪಾಳೆ ತಟ್ಟಿದರೆ ಗೋಡೆ ಮರುದನಿ ಕೊಡುತ್ತಿತ್ತು. ಅವ್ವನ ಕೌದಿಗಳನ್ನು ತೂಗುಹಾಕಿದೆವು. ಚುರುಕು ದನಿಗೆ ಅಷ್ಟು ಸಾಕು, ಬೇಸಿಗೆ ಕೌದಿ ಲೆಕ್ಕಕ್ಕಿಲ್ಲ. ಸ್ಪೀಕರನ್ನು ಗೋಡೆಯಿಂದ ಮುಂದೆ ಎಳೆದು, ಟ್ವೀಟರ್ ಕಿವಿಯ ಮಟ್ಟಕ್ಕೆ ತಂದು, ನಾವು ಕೂರುವ ಜಾಗವೂ ಸೇರಿ ಸಮತ್ರಿಕೋನ ಆಗುವಂತೆ ಇಟ್ಟೆವು.

ಹೊಸ ಮಿಕ್ಸ್ ಕೇಳಿದ ಮುತ್ಯಾ, "ನಡುವ ನಾ ಕೆಮ್ಮಿದ್ದು ಕೇಳ್ತದ, ತೆಗೀರೋ" ಅಂದ.

ನಾವು ತೆಗೆದಿಲ್ಲ.