ಕುಡಿದ ಲೆಕ್ಕ, ಒದ್ದೆಯಾದ ಲೆಕ್ಕ

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ರಾಗಿ ಕೊಯ್ಲು ಒಂದು ಕಾರಣ, ಮನೆಗೆ ಮಗಳು ಬಂದಿದ್ದು ಇನ್ನೊಂದು. ಒಕ್ಕಣೆ ಮುಗೀತು, ಹುಲ್ಲು ಬಣವೆ ಸೇರ್ತು. ಇವತ್ತು ಬೆಳೆ ವಿಷಯ ಬಿಟ್ಟು ಮಗಳ ವಿಷಯ ಬರೀತೀನಿ. ಸುತ್ತಮುತ್ತ ಈ ವರ್ಷ ತೊಟ್ಟಿಲು ಕಟ್ಟೋ ಮನೆಗಳು ಇನ್ನೂ ಇವೆ, ಒಬ್ಬರಿಗಾದ್ರೂ ಉಪಯೋಗ ಆಗ್ಲಿ ಅಂತ.

ಚೊಚ್ಚಲ ಹೆರಿಗೆ ತವರಲ್ಲಿ ಆಗ್ಬೇಕು ಅನ್ನೋದು ಪದ್ಧತಿ. ನಮ್ಮತ್ತೆ ಕಾಲಿನ ಆಪರೇಷನ್ ಆಗಿ ಮಲಗಿದ್ರಿಂದ ಬಾಣಂತನ ನಮ್ಮನೇಲೇ ಆಯ್ತು. ಆಸ್ಪತ್ರೇಲಿ ನಾರ್ಮಲ್ ಹೆರಿಗೆ, ಮಗು 2 ಕೆಜಿ 800 ಗ್ರಾಂ. ಮೂರನೇ ದಿನ ಬೆಳಿಗ್ಗೆ ಕಳಿಸಿಕೊಡುವಾಗ ನರ್ಸು ಹೇಳಿದ್ದು ಎರಡು ಮಾತು: ದಿನಕ್ಕೆ 8ರಿಂದ 12 ಸಲ ಎದೆಹಾಲು ಕುಡಿಸಿ, ಉಚ್ಚೆ ಎಷ್ಟು ಸಲ ಹೋಗುತ್ತೆ ಅಂತ ನೋಡ್ಕೊಳ್ಳಿ.

ನನ್ನ ಲೆಕ್ಕ ಬರೆಯೋ ಚಟ ನಿಮಗೆ ಗೊತ್ತೇ ಇದೆ. ಮೋಟಾರು ಎಷ್ಟೊತ್ತು ಓಡ್ತು, ಯಾವ ಹಸು ಎಷ್ಟು ಲೀಟರ್ ಕೊಡ್ತು, ಎಲ್ಲಾ ಒಂದೇ ನೋಟ್‌ಬುಕ್ಕಲ್ಲಿ. ಅದರ ಹಿಂದಿನ ಹಾಳೆಯಲ್ಲೇ ನಾಲ್ಕು ಗೆರೆ ಎಳೆದೆ: ಟೈಮು, ಹಾಲು, ಉಚ್ಚೆ, ಕಕ್ಕ. ನೋಡಿದ ಹೆಂಡತಿ, "ಏನ್ರೀ, ನನ್ನನ್ನೂ ಡೈರಿ ಲೆಕ್ಕಕ್ಕೆ ಸೇರಿಸಿಬಿಟ್ರಾ?" ಅಂತ ನಕ್ಕಳು. ಅವ್ವ ನಗಲಿಲ್ಲ. "ಮಗ ಕುಡ್ದಿದ್ದನ್ನ ಎಣಿಸ್ಬಾರ್ದು ಕಣಪ್ಪ, ದೃಷ್ಟಿ ಆಯ್ತದೆ. ನಿಮ್ಮನ್ನೆಲ್ಲ ನಾನು ಯಾವ ಬುಕ್ಕಲ್ಲಿ ಬರ್ಕೊಂಡು ಸಾಕ್ದೆ?" ಅಂದ್ರು.

ಅವತ್ತೇ ಸಾಯಂಕಾಲ ನಮ್ಮೂರ ಆಶಾ ಅಕ್ಕ ಬಂದು ಮಗೂನ ಜೋಲಿ ತಕ್ಕಡಿಯಲ್ಲಿ ತೂಗಿದ್ರು. 2 ಕೆಜಿ 600. "ಮೊದಲ ದಿನಗಳಲ್ಲಿ ಇಷ್ಟು ಇಳಿಯೋದು ಸಹಜ, ಆದ್ರೆ ಇನ್ನು ಇಳೀಬಾರ್ದು" ಅಂದು ಹೋದ್ರು.

ನಾಲ್ಕನೇ ದಿನ ನಾನು ತಪ್ಪು ಮಾಡಿದೆ. ಒಕ್ಕಣೆ ಮಿಷನ್ ಅವತ್ತೇ ಸಿಕ್ಕಿತ್ತು, ಬಿಟ್ಟಿದ್ರೆ ಇನ್ನು ವಾರ ಸಿಗ್ತಿರಲಿಲ್ಲ. ಬೆಳಿಗ್ಗೆ ಕಣಕ್ಕೆ ಹೋದವನು ಮನೆಗೆ ಬಂದಾಗ ರಾತ್ರಿ. ಬುಕ್ಕು ಖಾಲಿ ಇತ್ತು. ಅವ್ವನ್ನ ಕೇಳಿದೆ, "ಎರಡು ಗಂಟೆಗೊಂದ್ಸಲ ಎದೆಗೆ ಹಾಕ್ಕೊಂಡವಳೆ ಕಣಪ್ಪ" ಅಂದ್ರು. ಒಂಬತ್ತು ಸಲ ಅಂತ ಬರ್ಕೊಂಡೆ. ನೋಡೋಕೆ ಬಂದ ನೆಂಟರು ಡೈಪರ್ ಪ್ಯಾಕೆಟ್ ತಂದಿದ್ರು, ಮಧ್ಯಾಹ್ನದಿಂದ ಅದನ್ನೇ ಹಾಕಿದ್ರು. ಉಚ್ಚೆ ಎಷ್ಟು ಸಲ ಅಂದ್ರೆ ಯಾರಿಗೂ ಗೊತ್ತಿಲ್ಲ. ಸುಮಾರಾಗಿ ನಾಲ್ಕು ಗೀಟು ಹಾಕಿ ಮಲಗಿದೆ.

ರಾತ್ರಿ ಒಂದೂವರೆಗೆ ತ್ರೀ ಫೇಸ್ ಕರೆಂಟು ಬಂತು. ಮೋಟಾರ್ ಹಾಕಿ ಬಂದು ಮಗೂನ ನೋಡಿದೆ, ಗಾಢ ನಿದ್ದೆ. ಡೈಪರ್ ಬಿಚ್ಚಿದೆ. ಅರ್ಧ ದಿನದ ಡೈಪರ್ ಹೆಚ್ಚುಕಮ್ಮಿ ಒಣಗಿಯೇ ಇತ್ತು, ಒಂದು ಕಡೆ ಇಟ್ಟಿಗೆ ಪುಡಿ ಬಣ್ಣದ ಸಣ್ಣ ಕಲೆ. ಹಗಲೆಲ್ಲ ಬಂದವರು "ಎಷ್ಟು ಸಾಧು ಮಗು, ಅಳೋದೇ ಇಲ್ಲ" ಅಂತ ಹೊಗಳಿ ಹೋಗಿದ್ರಂತೆ.

ಮೋಟಾರ್ ಟೈಮು ಬರೆಯೋಕೆ ಬುಕ್ಕು ತೆಗೆದಾಗ ಹೋದ ಬೇಸಿಗೆಯ ಹಾಳೆ ಕಣ್ಣಿಗೆ ಬಿತ್ತು. ಎಂಟು ದಿನ ಸಾಲಾಗಿ "ಡ್ರಿಪ್ 4 ಗಂಟೆ" ಅಂತ ಬರ್ದಿದೀನಿ. ಆ ಎಂಟು ದಿನವೂ ಫಿಲ್ಟರ್ ಕಟ್ಟಿಕೊಂಡು ಕೊನೇ ಎರಡು ಸಾಲಿಗೆ ನೀರೇ ಹೋಗಿರಲಿಲ್ಲ. ಹನ್ನೊಂದು ತೆಂಗಿನ ಸಸಿ ಒಣಗಿದ ಮೇಲೆ ಗೊತ್ತಾಯ್ತು. ಮೋಟಾರ್ ಓಡಿದ್ದು ನಿಜ, ಬುಡ ನೆನೆದಿರಲಿಲ್ಲ. ಮಗು ಎದೆ ಕಚ್ಚಿದ್ದೂ ಹಾಗೇ. ಒಂಬತ್ತು ಸಲ ಅನ್ನೋದು ಸುಳ್ಳಲ್ಲ, ಹೊಟ್ಟೆಗೆ ಹೋಯ್ತಾ ಅನ್ನೋದು ಬೇರೆ ಲೆಕ್ಕ. ಅದು ಗೊತ್ತಾಗೋದು ಒದ್ದೆ ಬಟ್ಟೆಯಲ್ಲಿ. ಆ ಕಾಲಮ್ಮನ್ನೇ ನಾನು ಅಂದಾಜಲ್ಲಿ ತುಂಬಿದ್ದೆ.

ಡೈಪರ್ ಎಸೆದು ಹಳೇ ಪಂಚೆ ಬಟ್ಟೆ ಸುತ್ತಿದ್ವಿ. ಬೆಳಿಗ್ಗೆ ಎಂಟರವರೆಗೆ ಮೂರು ಸಲ ಎದೆಗೆ ಹಾಕಿದ್ದು, ಮೂರು ಸಲವೂ ಎರಡು ಗುಟುಕಿಗೆ ನಿದ್ದೆ. ಬಟ್ಟೆ ಒಂದ್ಸಲವೂ ಒದ್ದೆ ಆಗಲಿಲ್ಲ. ಆಶಾ ಅಕ್ಕನಿಗೆ ಫೋನ್ ಮಾಡಿದೆ. "ಅಣ್ಣ, ನಿನ್ನೆಯಿಂದ ಉಚ್ಚೆ ಎಷ್ಟು ಸಲ?" ಅಂದ್ರು. "ನಾಲ್ಕು ಅಂತ ಬರ್ದಿದೀನಿ ಅಕ್ಕ. ಕಣ್ಣಾರೆ ನೋಡಿದ್ದು ಒಂದೂ ಇಲ್ಲ" ಅಂದೆ. ಅವರು ಮುಂದೆ ಏನೂ ಕೇಳಲಿಲ್ಲ, ಹತ್ತು ನಿಮಿಷಕ್ಕೆ ಬಂದ್ರು. ತೂಕ 2 ಕೆಜಿ 450. ಹಗಲು ಬೆಳಕಲ್ಲಿ ಮೈ ಒತ್ತಿ ನೋಡಿದ್ರೆ ತೊಡೆವರೆಗೂ ಹಳದಿ. ಆವತ್ತೇ ಅಡ್ಮಿಟ್.

ಎರಡು ದಿನ ಮಗು ನೀಲಿ ಲೈಟಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿತ್ತು. ಹಾಲು ಸಾಲದೆ ಹೋದ್ರೆ ಕಕ್ಕ ಕಮ್ಮಿ ಆಗುತ್ತೆ, ಕಕ್ಕದ ಜೊತೆ ಹೋಗ್ಬೇಕಾದ ಕಾಮಾಲೆ ಮೈಯಲ್ಲೇ ಉಳಿಯುತ್ತೆ, ಕಾಮಾಲೆ ಏರಿದ್ರೆ ಮಗು ಮಂಪರಾಗಿ ಇನ್ನೂ ಕಮ್ಮಿ ಕುಡಿಯುತ್ತೆ ಅಂತ ಡಾಕ್ಟರ್ ಬಿಡಿಸಿ ಹೇಳಿದ್ರು. ನಾವು ಸಾಧು ಮಗು ಅಂದಿದ್ದು ಈ ಮಂಪರನ್ನ. ಅಲ್ಲಿನ ನರ್ಸು ನನ್ನ ಹೆಂಡತಿ ಪಕ್ಕ ಕೂತು ಕಲಿಸಿದ್ರು: ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗ್ಬೇಕು, ನುಂಗೋ ಸದ್ದು ಕೇಳ್ಬೇಕು, ನಿದ್ದೆ ಹೋದ್ರೆ ಅಂಗಾಲು ತೀಡಿ ಎಬ್ಬಿಸ್ಬೇಕು. ಹಿಂಡಿದ ಹಾಲನ್ನ ಒಳಲೆಯಲ್ಲೂ ಕುಡಿಸಿದ್ವಿ. ಊರಿಂದ ಫೋನ್ ಮೇಲೆ ಫೋನು, ಸಕ್ಕರೆ ನೀರು ಕೊಡಿ, ಜೇನು ನೆಕ್ಕಿಸಿ, ಕತ್ತೆ ಹಾಲು ಹಾಕಿ ಅಂತ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅಂದ್ರು ಡಾಕ್ಟರ್. ಕರು ಹುಟ್ಟಿದ ತಕ್ಷಣ ಗಿಣ್ಣದ ಹಾಲೇ ಕುಡಿಸ್ಬೇಕು ಅಂತ ಗೊತ್ತಿರೋ ನಾವು ಮಗೂಗೆ ಮಾತ್ರ ಇನ್ನೇನೋ ಹುಡುಕ್ತೀವಿ.

ಮೂರನೇ ದಿನ ಆಸ್ಪತ್ರೆಯಿಂದ ಬಂದ ರಾತ್ರಿ ನಾನು ಕೊಟ್ಟಿಗೇಲಿದ್ದೆ. ಒಳಗಿಂದ ಅವ್ವ ಕೂಗಿದ್ರು, "ಬರ್ಕೊಳಪ್ಪ, ಒಂದು ಒದ್ದೆ ಮಾಡ್ತು!" ಆಮೇಲೆ ದೃಷ್ಟಿ ಮಾತು ಬರಲಿಲ್ಲ. 14ನೇ ದಿನ 2 ಕೆಜಿ 750, 21ನೇ ದಿನ ಸರಿಯಾಗಿ 3 ಕೆಜಿ.

ನೀವು ಬರೆಯೋದಾದ್ರೆ ಇಷ್ಟು ನೆನಪಿಡಿ. ಮೊದಲನೇ ದಿನ ಒಂದು ಒದ್ದೆ, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದಾರನೇ ದಿನಕ್ಕೆ ಆರಕ್ಕೆ ಕಮ್ಮಿ ಇರಬಾರ್ದು. ಕಕ್ಕ ಮೊದಲು ಡಾಂಬರಿನಂತೆ ಕಪ್ಪು, ಆಮೇಲೆ ಹಸಿರು, ನಾಲ್ಕೈದು ದಿನಕ್ಕೆ ಹಳದಿ. ಡೈಪರ್ ಉಚ್ಚೆ ಹೀರಿ ಲೆಕ್ಕ ಮರೆಸುತ್ತೆ, ಮೊದಲ ವಾರ ಬಿಳಿ ಬಟ್ಟೆಯೇ ವಾಸಿ. ನೋಡದೇ ಇದ್ದದ್ದನ್ನ ಬರೀಬೇಡಿ, ಖಾಲಿ ಬಿಡಿ. ಖಾಲಿ ಜಾಗ ಎಚ್ಚರಿಸುತ್ತೆ, ಸುಳ್ಳು ಗೀಟು ನಿದ್ದೆ ಮಾಡಿಸುತ್ತೆ. ಮಗು ಎಬ್ಬಿಸಿದ್ರೂ ಕುಡಿಯದಿದ್ರೆ, ಬಟ್ಟೆ ಆರೆಂಟು ಗಂಟೆ ಒಣಗೇ ಇದ್ರೆ, ಹಳದಿ ಕಾಲಿಗಿಳಿದ್ರೆ, ಜ್ವರ ಬಂದ್ರೆ ನನ್ನ ಹಾಗೆ ಬೆಳಗಾಗೋದನ್ನ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ದಿದ್ರೆ 108ಕ್ಕೆ ಫೋನ್ ಮಾಡಿ.

42ನೇ ದಿನ ಆಶಾ ಅಕ್ಕ ಕೊನೇ ಸಲ ತೂಕ ನೋಡಿ ಹೋದ ಮೇಲೆ ಹೆಂಡತಿ "ಇನ್ನು ಸಾಕು ಬಿಡ್ರೀ" ಅಂದ್ಲು. ನಿಲ್ಲಿಸಿದೆ. ಮುಂದಿನ ಹಾಳೆಯಿಂದ ಮತ್ತೆ ಮೋಟಾರ್ ಲೆಕ್ಕ. ಆದ್ರೆ ಈಗ ಟೈಮು ಬರೆಯೋ ಮುಂಚೆ ಕೊನೇ ಸಾಲಿನ ಸಸಿ ಬುಡಕ್ಕೆ ಹೋಗಿ ಮಣ್ಣು ಮುಟ್ಟಿ ಬರ್ತೀನಿ.