ನೂರಾ ಎಂಬತ್ತು ಪುಟಗಳ ಬಾಕಿ

6 ಫೆಬ್ರುವರಿ 2025, ಗುರುವಾರ

ಇವತ್ತೂ ನನ್ನ ಬಿಲ್ಲಿನ ಬಗ್ಗೆ ಕಂಪನಿಯ ಅಕೌಂಟ್ಸ್‌ಗೆ ಫೋನ್ ಮಾಡಿದೆ. "ಪ್ರಾಸೆಸ್‌ನಲ್ಲಿದೆ ಮೇಡಂ." ಯಾರ ಟೇಬಲ್ ಮೇಲಿದೆ ಅಂತ ಕೇಳಿದರೆ ಎಂ.ಡಿ. ಸಹಿ ಆಗಬೇಕು. ಎಂ.ಡಿ. ಯಾವಾಗ ಸಿಗುತ್ತಾರೆ ಅಂದರೆ ಊರಲ್ಲಿಲ್ಲ.

ಕಂಪನಿಯ ಬೆಳ್ಳಿಹಬ್ಬ ನವೆಂಬರಿನಲ್ಲೇ ಮುಗಿಯಿತು. ಹಾಲ್‌ನವರಿಗೆ, ಅಡುಗೆಯವರಿಗೆ, ಪ್ರೆಸ್ಸಿನವರಿಗೆ ಆಗಲೇ ಸಂದಾಯವಾಗಿದೆ. ಪ್ರೆಸ್ಸಿನವರು ದುಡ್ಡು ಕೈಗೆ ಬಂದ ಮೇಲೇ ಸ್ಮರಣ ಸಂಚಿಕೆಯ ಬಂಡಲ್‌ಗಳನ್ನು ಗಾಡಿಗೆ ಹೇರಿಸಿದ್ದು. ಪುಟ ಕಟ್ಟಿದ ನನ್ನ ಹತ್ತಿರ ಹಾಗೆ ತಡೆದಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ನವೆಂಬರ್ 9ರಂದು ಪ್ರಿಂಟ್ ಪಿಡಿಎಫ್ ಕಳಿಸಿದೆ. ಅಲ್ಲಿಗೆ ಕೆಲಸವೂ ಕೈಬಿಟ್ಟಿತು, ಹಿಡಿತವೂ ಕೈಬಿಟ್ಟಿತು.

180 ಪುಟ. ಅರ್ಧಕ್ಕರ್ಧ ಲೇಖನಗಳು ಹಳೆಯ ನುಡಿ ಫಾಂಟಿನ ಫೈಲುಗಳಲ್ಲಿ ಬಂದಿದ್ದವು. ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ. 'ಕಾರ್ಮಿಕ' ಎಂಬ ಪದವನ್ನು ಪುಟಪುಟದಲ್ಲೂ ಹುಡುಕಿ ಸರಿಮಾಡಿದ್ದೇನೆ. 1999ರ ಮೊದಲ ಬ್ಯಾಚಿನ ಗುಂಪು ಫೋಟೊ ಇತ್ತಲ್ಲ, ಅದರ ಕೆಳಗೆ ಆಫೀಸಿನವರು ಕೊಟ್ಟಿದ್ದು ಮುಂದಿನ ಸಾಲಿನ ಹೆಸರುಗಳನ್ನು ಮಾತ್ರ. ನಿವೃತ್ತ ಫೋರ್‌ಮನ್ ಒಬ್ಬರ ಮನೆಗೆ ಹೋಗಿ, ಅವರ ಎದುರು ಲ್ಯಾಪ್‌ಟಾಪ್ ತೆರೆದು, ಮುಖ ದೊಡ್ಡದು ಮಾಡಿ ತೋರಿಸುತ್ತಾ ಹಿಂದಿನ ಸಾಲಿನವರ ಹೆಸರನ್ನೂ ಬರೆದುಕೊಂಡೆ. "ಇವನು ಹೋಗ್ಬಿಟ್ಟನಮ್ಮ" ಎನ್ನುತ್ತಾ ಪರದೆಯ ಮೇಲೆ ಬೆರಳಿಟ್ಟು ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆ ಪುಟಕ್ಕೆ ಸಮಾರಂಭದಲ್ಲಿ ಚಪ್ಪಾಳೆ ಬಿತ್ತಂತೆ.

22 ಫೆಬ್ರುವರಿ, ಶನಿವಾರ

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನನ್ನ ಟಿಡಿಎಸ್ ಪಟ್ಟಿ 26ಎಎಸ್ ತೆಗೆದು ನೋಡಿದೆ. ಅಕ್ಟೋಬರ್-ಡಿಸೆಂಬರ್ ತ್ರೈಮಾಸಿಕದಲ್ಲಿ ಆ ಕಂಪನಿಯ ಹೆಸರು. ಮೊತ್ತ 1,40,000. ಟಿಡಿಎಸ್ 14,000.

ಎರಡೆರಡು ಸಲ ಓದಿದೆ. ಬಿಲ್ಲನ್ನು ಲೆಕ್ಕದ ಪುಸ್ತಕಕ್ಕೆ ಏರಿಸಿದಾಗಲೋ ಹಣ ಕೊಟ್ಟಾಗಲೋ, ಯಾವುದು ಮೊದಲೋ ಆಗ ಟಿಡಿಎಸ್ ಹಿಡಿಯಬೇಕು. ಅಂದರೆ ನನ್ನ ಬಿಲ್ಲು ಎರಡು ತಿಂಗಳ ಹಿಂದೆಯೇ ಪುಸ್ತಕಕ್ಕೆ ಏರಿದೆ. ಅದರಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ 10% ಸಲ್ಲಿದೆ, ಯಾಕೆಂದರೆ ಅದನ್ನು ತಡಮಾಡಿದರೆ ಬಡ್ಡಿ ಬೀಳುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ನನ್ನ 1,26,000 ಮಾತ್ರ ಪ್ರಾಸೆಸ್‌ನಲ್ಲಿದೆ. ಕೈಗೆ ಬಾರದ ದುಡ್ಡು ಇಲಾಖೆಯ ಕಡತದಲ್ಲಿ ನನಗೆ ಸಂದ ಆದಾಯವಾಗಿ ಕೂತಿದೆ.

ಇಷ್ಟು ದಿನ ಮರೆವು, ಸೋಮಾರಿತನ ಅಂದುಕೊಂಡಿದ್ದೆ. ಇದು ಮರೆವಲ್ಲ. ಯಾರಿಗೆ ಕೊಡದಿದ್ದರೂ ನಡೆಯುತ್ತದೆ ಎಂದು ಕೂತು ಯೋಚಿಸಿ ಮಾಡಿದ ಪಟ್ಟಿ. ಅದರ ಮೊದಲಿಗೇ ನಮ್ಮಂಥವರು.

9 ಮಾರ್ಚ್, ಭಾನುವಾರ

ಸಂಚಿಕೆಗೆ ಫೋಟೊ ತೆಗೆದ ಹುಡುಗ ಮನೆಗೆ ಬಂದಿದ್ದ. ಅವನದ್ದು 35,000 ಬಾಕಿ. ಲೆನ್ಸಿನ ಇಎಂಐ ಕಟ್ಟಲು ತಂಗಿಯ ಹತ್ತಿರ ಸಾಲ ಮಾಡಿದ್ದಾನೆ. "ಜಾಸ್ತಿ ಕೇಳಿದ್ರೆ ಮುಂದಿನ ಕೆಲಸ ಕೊಡಲ್ಲ ಅಲ್ವಾ ಅಕ್ಕಾ?" ಅಂದ. ಕೊಟ್ಟ ಕೆಲಸಕ್ಕೇ ದುಡ್ಡು ಕೊಡದವರ ಮುಂದಿನ ಕೆಲಸಕ್ಕೆ ಹೆದರುವುದು! ಆದರೆ ಆ ಹೆದರಿಕೆ ನನಗೂ ಗೊತ್ತು. ಬಾಡಿಗೆ ಕಟ್ಟುವ ವಾರ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಸಣ್ಣ ಉದ್ಯಮಗಳ ಬಾಕಿ ವಸೂಲಿಗೆ ದಾರಿ ಕೊಡುವ 2006ರ ಎಂಎಸ್‌ಎಂಇ ಕಾಯ್ದೆ ವಸ್ತು ತಯಾರಿಸುವವರಿಗೆ ಮಾತ್ರವಲ್ಲ, ಸೇವೆ ಕೊಡುವವರಿಗೂ ಅನ್ವಯಿಸುತ್ತದೆ. ಒಬ್ಬಳೇ ಮನೆಯಲ್ಲಿ ಕೂತು ಪುಟ ಕಟ್ಟಿದರೂ, ಉದ್ಯಮ್ ನೋಂದಣಿ ಇದ್ದರೆ ನಾನೂ ಸೂಕ್ಷ್ಮ ಉದ್ಯಮ. 2021ರಲ್ಲಿ ಕರೆಂಟ್ ಅಕೌಂಟ್ ತೆರೆಯಲು ಬ್ಯಾಂಕಿನವರು ಕೇಳಿದರೆಂದು ಮಾಡಿಸಿದ್ದು ಈಗ ಒದಗುತ್ತಿದೆ. ಹುಡುಗನಿಗೆ ನೋಂದಣಿ ಇಲ್ಲ. ಈಗ ಮಾಡಿಸಿದರೆ ಹಳೆಯ ಬಾಕಿಗೆ ಅದು ಹಿಂದಕ್ಕೆ ಅನ್ವಯಿಸದು; 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹಾಗೇ. ಅವನಿಗಿರುವ ದಾರಿ ಲೀಗಲ್ ನೋಟಿಸು, ಸಿವಿಲ್ ಕೋರ್ಟು. 35,000ಕ್ಕೆ ಯಾವ ವಕೀಲರನ್ನು ಹಿಡಿಯುವುದು, ಎಷ್ಟು ಸಲ ಅಲೆಯುವುದು?

ಆಧಾರ್, ಪ್ಯಾನ್ ಇದ್ದರೆ ಸಾಕು, ನೋಂದಣಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಮುಂದಿನ ಕೆಲಸಗಳಿಗಾದರೂ ಇರಲಿ ಎಂದು ಕೂರಿಸಿಕೊಂಡು ಮಾಡಿಸಿದೆ. ಹಳೆಯ ಬಾಕಿಯ ದಾವೆಗೆ ಮೂರು ವರ್ಷದ ಮಿತಿ ಇದೆ, ಅಷ್ಟರೊಳಗೆ ಅವರು ಬಾಕಿ ಒಪ್ಪಿ ಲಿಖಿತವಾಗಿ ಏನಾದರೂ ಕೊಟ್ಟರೆ ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ ಅಂತಲೂ ಹೇಳಿದೆ. "ಫೋನಲ್ಲಿ ಮಾತಾಡ್ಬೇಡ, ಮೇಲ್ ಹಾಕು."

17 ಮಾರ್ಚ್, ಸೋಮವಾರ

ಕಂಪನಿಗೆ ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು, ಮೇಲ್‌ನಲ್ಲೂ ಹೋಯಿತು. ಬೈಗುಳವಿಲ್ಲ, ಗೋಗರೆತವೂ ಇಲ್ಲ, ಬರೀ ಲೆಕ್ಕ. ವರ್ಕ್ ಆರ್ಡರ್‌ನಲ್ಲಿ 60 ದಿನ ಅಂತ ಬರೆದುಕೊಂಡಿದ್ದರೂ ಕಾಯ್ದೆ 45 ದಿನಕ್ಕಿಂತ ಹೆಚ್ಚಿಗೆ ಬಿಡುವುದಿಲ್ಲ, ಆದ್ದರಿಂದ ಗಡುವು ಡಿಸೆಂಬರ್ 24ಕ್ಕೇ ಮುಗಿದಿದೆ. ಅಲ್ಲಿಂದಾಚೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳಿಗೂ ಚಕ್ರಬಡ್ಡಿ. ಈಗಿನ ದರ 6.5%, ಮೂರು ಪಟ್ಟಾದರೆ 19.5%. ನನ್ನ ಬಾಕಿಯ ಮೇಲೆ ತಿಂಗಳಿಗೆ ಎರಡು ಸಾವಿರಕ್ಕೂ ಮೇಲಾಯಿತು. ಜೊತೆಗೆ ಆದಾಯ ತೆರಿಗೆಯ 43ಬಿ(ಎಚ್): ಗಡುವು ಮೀರಿದ ಈ ಬಾಕಿ ಮಾರ್ಚ್ 31ರೊಳಗೆ ತೀರದಿದ್ದರೆ ಕಂಪನಿ ಅದನ್ನು ಈ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. 26ಎಎಸ್ ಪ್ರತಿಯನ್ನೂ ಲಗತ್ತಿಸಿದೆ.

ಬರೆದು ಮುಗಿಸಿದಾಗ ಬೆನ್ನು ನೆಟ್ಟಗಾದಂತಾಯಿತು. ನಾಲ್ಕು ತಿಂಗಳಿಂದ "ಸರ್, ಸ್ವಲ್ಪ ನೋಡಿ ಸರ್" ಎಂದು ಕೇಳುತ್ತಾ ಬಂದಿದ್ದೆ. ದುಡಿದದ್ದನ್ನು ಕೇಳಲು ದೈನ್ಯವೇಕೆ ಬೇಕಿತ್ತು?

2 ಏಪ್ರಿಲ್, ಬುಧವಾರ

ಮಾರ್ಚ್ 31 ಕಳೆಯಿತು. ದುಡ್ಡಿಲ್ಲ. ಇವತ್ತು ಮ್ಯಾನೇಜರ್ ತಾವಾಗಿ ಫೋನ್ ಮಾಡಿದರು. "ಏನ್ ಮೇಡಂ, ಇಷ್ಟಕ್ಕೆಲ್ಲಾ ಕಾನೂನು ಅಂತೀರಾ? ನೀವು ನಮ್ಮವರೇ ಅಲ್ವಾ, ನಿಮ್ಮ ದುಡ್ಡು ಎಲ್ಲಿ ಹೋಗುತ್ತೆ?" ನಾನು ಪಟ್ಟು ಬಿಡಲಿಲ್ಲ. ಆಗ ದನಿ ಬದಲಾಯಿತು: "ಸಂಚಿಕೇಲಿ ತುಂಬಾ ತಪ್ಪುಗಳಿದ್ವು. ನಾವು ಹೇಳಿಲ್ಲ ಅಷ್ಟೆ."

ಇದನ್ನು ಕೇಳಿ ನಿಜಕ್ಕೂ ನೋವಾಯಿತು. ಬಡ್ಡಿಯ ಲೆಕ್ಕಕ್ಕಿಂತ ಇದೇ ಜಾಸ್ತಿ ಚುಚ್ಚಿತು. ಬಾಕಿ ಕೊಡದೆ ಇರಬಹುದು, ಆದರೆ ಕೊಡದಿರುವುದಕ್ಕೋಸ್ಕರ ಕೆಲಸದ ಮರ್ಯಾದೆ ತೆಗೆಯುವುದು ಬೇರೆ. ಕಾಯ್ದೆ ಬರೆದವರಿಗೆ ಈ ಆಟವೂ ಗೊತ್ತಿದ್ದಿರಬೇಕು: ಕೆಲಸ ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿಕೊಂಡಂತೆಯೇ. ನವೆಂಬರಿನಲ್ಲಿ ಇದೇ ಮ್ಯಾನೇಜರ್ ಕಳಿಸಿದ "ತುಂಬಾ ಚೆನ್ನಾಗಿ ಬಂದಿದೆ ಮೇಡಂ" ವಾಟ್ಸ್‌ಆ್ಯಪ್ ಇನ್ನೂ ನನ್ನ ಫೋನಿನಲ್ಲಿದೆ. ಸ್ಕ್ರೀನ್‌ಶಾಟ್ ತೆಗೆದೆ.

ರಾತ್ರಿ ಊಟವಾದ ಮೇಲೆ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಉದ್ಯಮ್ ಸಂಖ್ಯೆ, ವರ್ಕ್ ಆರ್ಡರ್, ಇನ್‌ವಾಯ್ಸ್ ಇಷ್ಟೇ ಬೇಕಾದದ್ದು. ಅದು ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ. ಮೊದಲು ರಾಜಿ, ಆಗದಿದ್ದರೆ ಆರ್ಬಿಟ್ರೇಷನ್. 90 ದಿನದಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲೇ ಆಗುತ್ತದೆಂದು ನಾನು ನಂಬಿಕೊಂಡಿಲ್ಲ.

12 ಜೂನ್, ಗುರುವಾರ

ಅಕೌಂಟ್ಸ್‌ನವರದ್ದೇ ಫೋನ್. "ಮೇಡಂ, ಕೌನ್ಸಿಲ್‌ನಿಂದ ನೋಟಿಸ್ ಬಂದಿದೆ. ಅರ್ಜಿ ವಾಪಸ್ ತಗೊಂಡ್ಬಿಡಿ, ಅಸಲು ನಾಳೆನೇ ಹಾಕ್ತೀವಿ."

"ಮೊದ್ಲು ಹಾಕಿ ಸರ್. ಅಕೌಂಟಿಗೆ ಬಂದ ಮೇಲೆ ಮಾತಾಡೋಣ."

"ಬಡ್ಡಿ ಬಿಡ್ತೀರಾ?"

ಫೋಟೊ ಹುಡುಗನ ನೆನಪಾಯಿತು. ಅವನ 35,000ವನ್ನೂ ಕೊಟ್ಟರೆ ಬಡ್ಡಿಯ ವಿಷಯದಲ್ಲಿ ಕೌನ್ಸಿಲ್ ಮುಂದೆ ರಾಜಿಗೆ ಕೂರುತ್ತೇನೆ, ಅವನ ಬಾಕಿ ಎಷ್ಟೆಂದು ಈಗಲೇ ಮೇಲ್‌ನಲ್ಲಿ ಬರೆದು ಕಳಿಸಿ ಅಂದೆ. ಕೇಳಿ ಹೇಳ್ತೀನಿ ಎಂದು ಇಟ್ಟರು.

ಸಂಜೆ ಮೇಲ್ ಬಂತು. ಎರಡೇ ಸಾಲು: ಛಾಯಾಗ್ರಹಣದ ಬಾಬ್ತು 35,000 ಬಾಕಿ ಇರುವುದು ನಿಜ, ಶೀಘ್ರದಲ್ಲೇ ಪಾವತಿಸಲಾಗುವುದು. ಹುಡುಗನಿಗೆ ಫಾರ್ವರ್ಡ್ ಮಾಡಿ ಫೋನ್ ಹಚ್ಚಿದೆ. "ಪ್ರಿಂಟ್ ತೆಗೆದು ಇಟ್ಕೋ. ನಿನ್ನ ಮೂರು ವರ್ಷ ಇವತ್ತಿಂದ ಶುರು."